ಟಿಕೆಟು ಮೊದಲೋ, ಜೀವ ಮೊದಲೋ?

ಈ ಬರಹವನ್ನು ಓದಿ ಕೆಲವರಿಗೆ ಸಿಟ್ಟು ಬಂದೀತು. ಬರಲಿ. ಸಿಟ್ಟು ಬಂದವರು ಕೊನೆಯವರೆಗೆ ಓದಿ ಆಮೇಲೆ ಸಂಪಾದಕರಿಗೆ ಬರೆಯಲಿ, ಇಲ್ಲವೇ ಸಂಘದ ಮುಂದಿನ ಸಭೆಯಲ್ಲಿ ನನ್ನನ್ನೇ ಎದುರಿಗೆ ಕೇಳಲಿ. ಆದರೆ ನಮ್ಮ ಮನೆಗಳ ಒಳಗೆ ನಡೆಯುವ, ಹೊರಗೆ ಯಾರೂ ಆಡದ ಒಂದು ಮಾತನ್ನು ಯಾರಾದರೊಬ್ಬರು ಆಡಲೇಬೇಕಾಗಿದೆ.

ನಮ್ಮವರು ಮುಂಬಯಿಗೆ ಬಂದು ಮೂರು ನಾಲ್ಕು ತಲೆಮಾರಾಯಿತು. ಹೋಟೇಲಿನ ಗಲ್ಲಾಪೆಟ್ಟಿಗೆಯಿಂದ ಹಿಡಿದು ಬ್ಯಾಂಕಿನ ಮ್ಯಾನೇಜರರ ಕುರ್ಚಿಯ ತನಕ ನಾವು ತಲುಪಿದ್ದೇವೆ. ಆದರೆ ನಮ್ಮ ವರ್ಷದ ಲೆಕ್ಕ ಮಾತ್ರ ಇಂದಿಗೂ ಊರಿನ ಲೆಕ್ಕವೇ. ಮೇ ತಿಂಗಳ ರಜೆ, ಮದುವೆ, ಗೃಹಪ್ರವೇಶ, ನಾಗನಿಗೆ ತಂಬಿಲ, ದೈವದ ನೇಮ, ಚೌತಿ, ಹಿರಿಯರ ವರ್ಷಾಂತಿಕ, ಇವುಗಳ ಸುತ್ತಲೇ ನಮ್ಮ ಬದುಕು ತಿರುಗುತ್ತದೆ. ರೈಲ್ವೆಯವರು ಹಿಂದೆ ೧೨೦ ದಿನ ಮೊದಲೇ ಟಿಕೆಟು ಕೊಡುತ್ತಿದ್ದರು. ೨೦೨೪ರ ನವೆಂಬರ್ ೧ರಿಂದ ಅದು ೬೦ ದಿನಕ್ಕೆ ಇಳಿದಿದೆ. ಬೆಳಗ್ಗೆ ಎಂಟು ಗಂಟೆಗೆ ಕಿಟಕಿ ತೆರೆಯುವ ಮೊದಲೇ ಸಾಲು ನಿಂತು, ಇಲ್ಲವೇ ಮೊಬೈಲಿನಲ್ಲಿ ಬೆರಳು ನೋಯಿಸಿಕೊಂಡು ಮತ್ಸ್ಯಗಂಧಕ್ಕೋ ಉದ್ಯಾನಕ್ಕೋ ನಾಲ್ಕು ಬರ್ತು ಗಿಟ್ಟಿಸಿಕೊಂಡೆವೆಂದರೆ ದೊಡ್ಡ ಯುದ್ಧ ಗೆದ್ದ ಹಾಗೆ. ಆಮೇಲೆ ಆ ಟಿಕೆಟಿಗೆ ಬ್ರಹ್ಮಲಿಖಿತದ ಗೌರವ. ಏನು ಬೇಕಾದರೂ ಬದಲಾಗಬಹುದು, ಟಿಕೆಟು ಬದಲಾಗಕೂಡದು.

ನಾನು ತಕರಾರು ತೆಗೆಯುತ್ತಿರುವುದು ಇದರ ಮೇಲೆಯೇ. ಏಕೆಂದರೆ ಅಂಥ ಒಂದು ಟಿಕೆಟು ತೆಗೆಸಿದವಳು ನಾನೇ.

೨೦೧೯ರ ಜನವರಿಯಲ್ಲಿ, ಮೇ ೨ರ ಗಾಡಿಗೆ, ಅಣ್ಣನ ಸಂಸಾರಕ್ಕೂ ನನ್ನ ಸಂಸಾರಕ್ಕೂ ಸೇರಿಸಿ ಏಳು ಬರ್ತು. ಮೇ ೮ಕ್ಕೆ ಊರಿನಲ್ಲಿ ದೊಡ್ಡಪ್ಪನ ಮೊಮ್ಮಗಳ ಮದುವೆ. ಮಾರ್ಚ್ ಕೊನೆಯಲ್ಲಿ ಅತ್ತಿಗೆ ಸ್ನಾನದ ಮನೆಯಿಂದ ಬಂದು, ಎಡ ಎದೆಯಲ್ಲಿ ಅಡಕೆಯಷ್ಟು ಗಾತ್ರದ ಗಂಟು ಸಿಗುತ್ತಿದೆ, ನೋವೇನೂ ಇಲ್ಲ ಎಂದರು. ನೋವಿಲ್ಲದಿದ್ದರೆ ಹೆದರಬೇಕಾಗಿಲ್ಲ ಎಂದು ನಾವೆಲ್ಲ ತಿಳಿದಿದ್ದೆವು. ಅದು ನಮ್ಮ ಮೊದಲನೆಯ ಅಜ್ಞಾನ. ಇಂಥ ಗಂಟು ಆರಂಭದಲ್ಲಿ ಬಹುತೇಕ ನೋಯುವುದೇ ಇಲ್ಲ. ಏಪ್ರಿಲ್ ಮಧ್ಯದಲ್ಲಿ ಸೂಜಿ ಚುಚ್ಚಿ ತೆಗೆದ ಚೂರಿನ ವರದಿ ಬಂತು. ಡಾಕ್ಟರು ಸ್ಪಷ್ಟವಾಗಿ, ಎರಡು ವಾರದೊಳಗೆ ಆಪರೇಶನ್ ಆಗಲಿ ಎಂದರು.

ಆ ರಾತ್ರಿ ಮನೆಯಲ್ಲಿ ಏನು ಚರ್ಚೆ ನಡೆಯಿತೆಂದು ನೆನೆದರೆ ಈಗ ನಾಚಿಕೆಯಾಗುತ್ತದೆ. ರೋಗದ ಬಗ್ಗೆ ಐದು ನಿಮಿಷ, ಟಿಕೆಟಿನ ಬಗ್ಗೆ ಎರಡು ಗಂಟೆ. “ಮದುವೆ ಮುಗಿಸಿಯೇ ಬರೋಣ, ಮೂರು ವಾರದಲ್ಲಿ ಏನಾಗುತ್ತದೆ?” ಎಂದ ಅಣ್ಣ. “ಈಗಲೇ ಹೇಳಿದರೆ ಮದುವೆ ಮನೆಯವರಿಗೆ ಅಪಶಕುನ” ಎಂದರು ಹಿರಿಯರೊಬ್ಬರು. ನಾನು ಏನೂ ಹೇಳಲಿಲ್ಲ. ಅತ್ತಿಗೆ ಅಡುಗೆ ಮನೆಯಲ್ಲಿ ನನ್ನನ್ನೇ ಸಮಾಧಾನ ಮಾಡಿದರು: “ಟಿಕೆಟು ಆಗಿದೆಯಲ್ಲ ಮಾರಾಯ್ತಿ, ನನ್ನಿಂದಾಗಿ ಎಲ್ಲರದ್ದೂ ಹಾಳಾಗುವುದು ಬೇಡ.” ರೋಗ ಅವರದು, ಟಿಕೆಟು ಗಂಡನದು, ತಾರೀಕು ಬಳಗದ್ದು!

ಮೂರು ವಾರ ಎಂದದ್ದು ಮೂರು ವಾರದಲ್ಲಿ ಮುಗಿಯಲಿಲ್ಲ. ಮದುವೆಯ ಬೆನ್ನಿಗೆ ಬೀಗರೂಟ, ಅದರ ಬೆನ್ನಿಗೆ ಮನೆದೈವದ ಕಾರ್ಯ. ಅಷ್ಟರಲ್ಲಿ ಯಾರೋ ಬೇರುಮದ್ದಿನವರ ಹೆಸರು ಹೇಳಿದರು. ಗಂಟು ಕರಗುತ್ತದೆ ಎಂದರು. ನಲವತ್ತೊಂದು ದಿನದ ಪಥ್ಯ. ಆಮೇಲೆ ಮಳೆ ಹಿಡಿಯಿತು, ಮರಳುವ ಟಿಕೆಟು ವೇಯ್ಟಿಂಗ್ ಲಿಸ್ಟಿಗೆ ಬಿತ್ತು. ಮುಂಬಯಿಗೆ ಬಂದು ಮತ್ತೆ ಡಾಕ್ಟರ ಮುಂದೆ ಕುಳಿತಾಗ ಜುಲೈ. ಏಪ್ರಿಲಿನಲ್ಲಿ ನೇರವಾಗಿ ಆಪರೇಶನ್ ಎಂದಿದ್ದವರು ಈಗ ಕಂಕುಳನ್ನು ಮುಟ್ಟಿ ನೋಡಿ, “ಮೊದಲು ಕಿಮೋ ಕೊಡಬೇಕು, ಆಪರೇಶನ್ ವಿಚಾರ ಆಮೇಲೆ” ಎಂದರು. ೨೦೨೧ರ ಡಿಸೆಂಬರಿನಲ್ಲಿ ಅತ್ತಿಗೆ ತೀರಿಕೊಂಡರು.

ಬೇಗ ಮಾಡಿಸಿದ್ದರೆ ಖಂಡಿತ ಉಳಿಯುತ್ತಿದ್ದರು ಎಂದು ನಾನು ಹೇಳಲಾರೆ. ಯಾವ ಡಾಕ್ಟರೂ ಹೇಳಲಾರರು. ಆದರೆ ತಡ ಮಾಡಿದ್ದರಿಂದ ಏನೂ ಆಗಲಿಲ್ಲ ಎನ್ನುವ ಧೈರ್ಯವೂ ನನಗಿಲ್ಲ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ೨೦೨೦ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಒಂದು ಲೆಕ್ಕ ಪ್ರಕಟಿಸಿತು. ಸ್ತನದ ಕ್ಯಾನ್ಸರೂ ಸೇರಿ ಹಲವು ಬಗೆಯ ಕ್ಯಾನ್ಸರುಗಳಲ್ಲಿ ಶಸ್ತ್ರಕ್ರಿಯೆ ನಾಲ್ಕು ವಾರ ತಡವಾದರೆ ಸಾವಿನ ಅಪಾಯ ಶೇಕಡಾ ೬ರಿಂದ ೮ರಷ್ಟು ಹೆಚ್ಚುತ್ತದೆ ಎಂಬುದೇ ಆ ಲೆಕ್ಕ. ನಾವು ಕಳೆದದ್ದು ಹತ್ತು ವಾರಕ್ಕೂ ಹೆಚ್ಚು. ಒಂದು ಊಟದ ಎಲೆಗಾಗಿ.

ಹಾಗೆಂದು ಯಾರೂ ಗಾಬರಿಯಾಗಬೇಕಾಗಿಲ್ಲ. ಇದು ಹೃದಯಾಘಾತವಲ್ಲ, ಇಂದು ರಾತ್ರಿಯೇ ಕತ್ತರಿ ಹಾಕಬೇಕೆಂದಿಲ್ಲ. ಬೇಕಾದ ಪರೀಕ್ಷೆಗಳನ್ನು ಮಾಡಿಸಲಿಕ್ಕೆ, ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಕೇಳಲಿಕ್ಕೆ, ಹಣ ಹೊಂದಿಸಲಿಕ್ಕೆ ಒಂದೆರಡು ವಾರ ಹಿಡಿದರೆ ತಪ್ಪಲ್ಲ. ರೋಗಕ್ಕಾಗಿ ಕಳೆದ ವಾರವೇ ಬೇರೆ, ರೋಗವನ್ನು ಮರೆಯಲಿಕ್ಕಾಗಿ ಕಳೆದ ವಾರವೇ ಬೇರೆ. ನಾನು ಹೇಳುತ್ತಿರುವುದು ಎರಡನೆಯದರ ಕುರಿತು.

ಆಪರೇಶನ್ನಿಗೆ ಮೊದಲು ಮಾಡುವ ತಪ್ಪು ಇದಾದರೆ, ಆಪರೇಶನ್ ಆದಮೇಲೆ ಮಾಡುವ ತಪ್ಪು ಇನ್ನೊಂದು. “ಊರಿಗೆ ಹೋಗಿ ನಾಲ್ಕು ದಿನ ಆರಾಮ ಮಾಡಿಕೊಂಡು ಬರಲಿ.” ಈ ಮಾತಿನ ಹಿಂದೆ ಪ್ರೀತಿ ಇಲ್ಲವೆಂದು ನಾನು ಹೇಳುವುದಿಲ್ಲ. ಹತ್ತಡಿ ಖೋಲಿಯಲ್ಲಿ ಐದು ಜನ, ಬೆಳಗಿನ ಜಾವಕ್ಕೆ ಬಂದು ಹೋಗುವ ನೀರು, ಮೂರನೇ ಮಾಳಿಗೆಗೆ ಲಿಫ್ಟಿಲ್ಲ. ಇಲ್ಲಿ ಎಲ್ಲಿಯ ಆರಾಮ? ತವರಿನ ಅಂಗಳ, ತೋಟದ ಗಾಳಿ ನೆನಪಾಗುವುದು ಸಹಜ. ಆದರೆ ನಮ್ಮ ಕಟ್ಟಡದ ಒಬ್ಬ ತಾಯಿಯನ್ನು ಒಂಬತ್ತನೆಯ ದಿನವೇ ಬಸ್ಸು ಹತ್ತಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಗಾಯದ ನೀರು ಇಳಿಯಲು ಹಾಕಿದ ನಳಿಗೆ ಇನ್ನೂ ತೆಗೆದಿರಲಿಲ್ಲ. ಅದರ ಬಾಟಲಿಯನ್ನು ಸೆರಗಿನಡಿ ಮುಚ್ಚಿಕೊಂಡು ಆಕೆ ಮೆಟ್ಟಲು ಹತ್ತಿದರು. ರಾತ್ರಿಯಿಡೀ ಘಟ್ಟದ ರಸ್ತೆಯ ಕುಲುಕಾಟ. ಹದಿನೈದು ದಿನಕ್ಕೆ ತೆಗೆದ ಗಂಟಿನ ವರದಿ ಬಂತು, ಕಿಮೋ ಬೇಕೆಂದಾಯಿತು. ಆದರೆ ಆಸ್ಪತ್ರೆಯಲ್ಲಿ ಕೊಟ್ಟಿದ್ದ ಫೋನ್ ನಂಬರು ಮಗನದು, ಮಗ ದುಬೈಯಲ್ಲಿ. ಆಕೆ ಮರಳಿ ಬಂದದ್ದು ಎರಡು ತಿಂಗಳ ಮೇಲೆ. ಇಂಥ ಕಿಮೋವನ್ನು ಸಾಮಾನ್ಯವಾಗಿ ಆಪರೇಶನ್ನಿನ ನಂತರ ನಾಲ್ಕರಿಂದ ಆರು ವಾರದೊಳಗೆ ಆರಂಭಿಸುತ್ತಾರೆ ಎಂಬುದನ್ನು ಆ ಮನೆಯಲ್ಲಿ ಯಾರೂ ಕೇಳಿ ತಿಳಿದುಕೊಂಡಿರಲಿಲ್ಲ.

ಇನ್ನು ಊರಿನಲ್ಲಿ ಆರಾಮ ಎಂಬುದರ ಬಣ್ಣವನ್ನೂ ಸ್ವಲ್ಪ ತಿಳಿಸುತ್ತೇನೆ. ಮೊದಲ ನಾಲ್ಕು ದಿನ ನೋಡಲು ಬರುವವರ ಸಾಲು. ಬಂದವರಿಗೆಲ್ಲ ಚಹ, ಎಲ್ಲರಿಗೂ ಮೊದಲಿನಿಂದ ಕಥೆ. ಐದನೆಯ ದಿನ, “ಕೈ ಆಡುತ್ತದಲ್ಲ, ಒಂದು ಕೊಡ ನೀರು ಸೇದಿ ಕೊಡು.” ಕಂಕುಳಿನ ಗ್ರಂಥಿಗಳನ್ನು ತೆಗೆದ ಮೇಲೆ ಆ ಬದಿಯ ಕೈಯಲ್ಲಿ ನೀರು ತುಂಬಿ ಊದಿಕೊಳ್ಳುವ ಸಾಧ್ಯತೆ ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಳ ನಂತರವೂ ಇರುತ್ತದೆ. ಭುಜ ಬಿಗಿಯದಂತೆ ಹೇಳಿಕೊಟ್ಟ ವ್ಯಾಯಾಮವನ್ನು ದಿನವೂ ಮಾಡಬೇಕು, ಆದರೆ ಗಾಯ ಮಾಯುವ ತನಕ ಭಾರ ಎತ್ತಕೂಡದು. ನಮ್ಮಲ್ಲಿ ನಡೆಯುವುದು ಇದರ ತಲೆಕೆಳಗು: ವ್ಯಾಯಾಮ ಇಲ್ಲ, ಕೊಡಪಾನ ಉಂಟು. ಮರಳುವಾಗಲಂತೂ ಕೇಳುವುದೇ ಬೇಡ. ಕುಚ್ಚಲಕ್ಕಿಯ ಮೂಟೆ, ಹತ್ತು ತೆಂಗಿನಕಾಯಿ, ಹಪ್ಪಳದ ಡಬ್ಬಿ, ಮಿಡಿ ಉಪ್ಪಿನಕಾಯಿಯ ಭರಣಿ. ಉಡುಪಿಯಲ್ಲಿ ಗಾಡಿ ನಿಲ್ಲುವ ಎರಡು ಮೂರು ನಿಮಿಷದಲ್ಲಿ ಇಷ್ಟನ್ನೂ ಒಳಗೆ ತಳ್ಳುವ ಗಡಿಬಿಡಿಯಲ್ಲಿ ಯಾವ ಕೈ ಎಡ, ಯಾವ ಕೈ ಬಲ ಎಂದು ನೆನಪಿರುವವರು ಯಾರು?

“ಹಾಗಾದರೆ ಊರಿಗೆ ಹೋಗಲೇಬಾರದೇ?” ಎಂದು ಕೇಳುವಿರಿ. ಧಾರಾಳವಾಗಿ ಹೋಗಬಹುದು. ನನ್ನ ವಾದ ಪ್ರಯಾಣದ ವಿರುದ್ಧವಲ್ಲ. ಟಿಕೆಟಿಗೆ ತಕ್ಕಂತೆ ಚಿಕಿತ್ಸೆಯನ್ನು ಜರುಗಿಸುವುದರ ವಿರುದ್ಧ. ಮೊದಲು ಚಿಕಿತ್ಸೆಯ ತಾರೀಕು, ಅದಕ್ಕೆ ತಕ್ಕಂತೆ ಟಿಕೆಟು. ಈ ಕ್ರಮ ತಿರುಗಬಾರದು.

ಈ ಕ್ರಮದಲ್ಲಿ ನಡೆಯಬೇಕಾದರೆ ಚಿಕಿತ್ಸೆಯ ನಡಿಗೆ ಗೊತ್ತಿರಬೇಕು. ಆಪರೇಶನ್ನಿಗೆ ಆಸ್ಪತ್ರೆಯಲ್ಲಿ ಇರಬೇಕಾಗುವುದು ಕೆಲವೇ ದಿನ. ನಳಿಗೆ ತೆಗೆಯಲು ಒಂದೆರಡು ವಾರ ಬೇಕಾಗಬಹುದು. ತೆಗೆದ ಗಂಟಿನ ಪೂರ್ಣ ವರದಿ ಬರುವ ತನಕ ಮುಂದೇನೆಂದು ಡಾಕ್ಟರಿಗೇ ತಿಳಿಯದು; ಆದ್ದರಿಂದ ಆ ವರದಿ ಕೈಗೆ ಬರುವ ಮೊದಲು ಯಾವ ಟಿಕೆಟೂ ಬೇಡ. ಕಿಮೋ ಎಂದಾದರೆ ಬಹಳಷ್ಟು ಸಲ ಮೂರು ವಾರಕ್ಕೊಮ್ಮೆ. ಕೊಟ್ಟ ಮೇಲೆ ಸುಮಾರು ಏಳರಿಂದ ಹದಿನಾಲ್ಕನೆಯ ದಿನದ ನಡುವೆ ರಕ್ತದ ಬಿಳಿಕಣಗಳು ಇಳಿದಿರುತ್ತವೆ. ಆ ದಿನಗಳಲ್ಲಿ ಸಾವಿರ ಜನರ ಮದುವೆ ಹಾಲು, ಕಿಕ್ಕಿರಿದ ಬೋಗಿ ಎರಡೂ ಅಪಾಯ. ಜ್ವರ ೧೦೦.೪ ಡಿಗ್ರಿ ಮುಟ್ಟಿತೆಂದರೆ ಕಷಾಯ ಕುಡಿಸುತ್ತ ಬೆಳಗಾಗಲಿ ಎಂದು ಕೂರುವ ಹಾಗಿಲ್ಲ, ಆಗಲೇ ಆಸ್ಪತ್ರೆ ಸೇರಬೇಕು. ನಿಮ್ಮ ಊರಿನ ಮನೆಯಿಂದ ಅಂಥ ಆಸ್ಪತ್ರೆ ಎಷ್ಟು ದೂರ? ಹೊರಡುವ ಮೊದಲೇ ಈ ಪ್ರಶ್ನೆಗೆ ಉತ್ತರ ಇರಬೇಕು. ಹೋಗಲೇಬೇಕಾದ ಕಾರ್ಯವಿದ್ದರೆ ಮುಂದಿನ ಕಿಮೋಗೆ ಮುಂಚಿನ ವಾರ ಸಾಧ್ಯವೇ ಎಂದು ಡಾಕ್ಟರನ್ನು ಕೇಳಿ. ಇನ್ನು ಕಿರಣ ಚಿಕಿತ್ಸೆ: ಸೋಮವಾರದಿಂದ ಶುಕ್ರವಾರ, ದಿನವೂ. ಹಿಂದೆ ಐದು ವಾರ ಹಿಡಿಯುತ್ತಿತ್ತು, ಈಗ ಅನೇಕರಿಗೆ ಮೂರೇ ವಾರ ಸಾಕಾಗುತ್ತದೆ. ಆ ಮೂರು ವಾರದಲ್ಲಿ “ಎರಡು ದಿನ ಚೌತಿಗೆ ಹೋಗಿ ಬರುತ್ತೇನೆ” ಎಂಬ ಮಾತೇ ಇಲ್ಲ; ನಡುವೆ ಬಿಟ್ಟರೆ ಚಿಕಿತ್ಸೆಯ ಬಲ ಕುಗ್ಗುತ್ತದೆ. ಇದೆಲ್ಲ ಮುಗಿದ ಮೇಲೆ ಬರುವ ಬಿಡುವು ನಿಜವಾದ ಬಿಡುವು. ಊರಿನ ಆರಾಮ ಆಗ ಸಿಗಲಿ. ಹೊರಡುವಾಗಲೇ ಮರಳುವ ಟಿಕೆಟು ಕೈಯಲ್ಲಿರಲಿ.

ಪ್ರಯಾಣವೂ ಸ್ವಲ್ಪ ವಿವೇಕದಿಂದ ಆಗಲಿ. ಮಂಗಳೂರಿಗೆ ರೈಲಿನಲ್ಲಿ ಹದಿನೈದು ಗಂಟೆ. ಮಳೆಗಾಲದಲ್ಲಿ ಕೊಂಕಣ ರೈಲ್ವೆ ವೇಳಾಪಟ್ಟಿಯನ್ನೇ ನಿಧಾನಕ್ಕೆ ಇಳಿಸುವುದರಿಂದ ಇನ್ನೂ ಹೆಚ್ಚು. ಬೆಂಗಳೂರಿಗಂತೂ ಹೆಚ್ಚುಕಡಿಮೆ ಒಂದು ಹಗಲು ಒಂದು ರಾತ್ರಿ. ಈ ರೋಗ, ಶಸ್ತ್ರಕ್ರಿಯೆ, ಆಮೇಲೆ ಕೆಲವರಿಗೆ ಕೊಡುವ ಟ್ಯಾಮಾಕ್ಸಿಫೆನ್‌ನಂಥ ಮಾತ್ರೆ, ಇವೆಲ್ಲವೂ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆಯನ್ನು ಹೆಚ್ಚಿಸುತ್ತವೆ. ಆದ್ದರಿಂದ ಗಂಟೆ ಎರಡು ಗಂಟೆಗೊಮ್ಮೆ ಎದ್ದು ಬೋಗಿಯಲ್ಲಿ ನಡೆದಾಡಬೇಕು. ಶೌಚಾಲಯ ಕೊಳಕೆಂದು ನೀರು ಕುಡಿಯದೆ ಇರಬಾರದು. ಒಂದೇ ಕಾಲು ಊದಿ ನೋಯತೊಡಗಿದರೆ, ಉಸಿರು ಕಟ್ಟಿದಂತಾದರೆ ಮುಂದಿನ ದೊಡ್ಡ ಸ್ಟೇಶನ್ನಿನಲ್ಲೇ ಇಳಿದು ವೈದ್ಯರನ್ನು ಕಾಣಬೇಕು. ಬಸ್ಸಿಗಿಂತ ರೈಲು ಲೇಸು ಎನ್ನುವುದೂ ಇದಕ್ಕೇ. ಅನುಕೂಲವಿದ್ದವರಿಗೆ ವಿಮಾನದಲ್ಲಿ ಮಂಗಳೂರು ಒಂದೂವರೆ ಗಂಟೆ. ಆದರೆ ಆಪರೇಶನ್ ಹೊಸತಾಗಿದ್ದರೆ ವೈದ್ಯರ ಒಪ್ಪಿಗೆ ಚೀಟಿ ಮೊದಲೇ ಪಡೆದಿರಬೇಕು. ಕಾಗದಪತ್ರಗಳ ಪ್ರತಿಯೊಂದು ಕೈಚೀಲದಲ್ಲೇ ಇರಲಿ, ಸೀಟಿನಡಿಯ ಪೆಟ್ಟಿಗೆಯಲ್ಲಲ್ಲ.

ನಮ್ಮವರಲ್ಲಿ ಬಹಳ ಮಂದಿಗೆ ಗೊತ್ತಿಲ್ಲದ ಇನ್ನೊಂದು ವಿಷಯ. ಚಿಕಿತ್ಸೆಗೆ ಅಥವಾ ತಪಾಸಣೆಗೆ ಹೋಗಿಬರುವ ಕ್ಯಾನ್ಸರ್ ರೋಗಿಗೆ ರೈಲ್ವೆ ಸ್ಲೀಪರಿನಲ್ಲೂ ಎ.ಸಿ. ಮೂರು ಹಂತದ ಬೋಗಿಯಲ್ಲೂ ಪೂರ್ಣ ರಿಯಾಯಿತಿ ಕೊಡುತ್ತದೆ, ಜೊತೆಗೆ ಹೋಗುವ ಒಬ್ಬರಿಗೆ ಶೇಕಡಾ ೭೫. ಹಿರಿಯ ನಾಗರಿಕರ ರಿಯಾಯಿತಿ ೨೦೨೦ರಲ್ಲಿ ನಿಂತಾಗ ಇದು ನಿಲ್ಲಲಿಲ್ಲ. ಆಸ್ಪತ್ರೆಯವರು ಸಹಿ ಮಾಡಿದ ನಮೂನೆ ಇದ್ದರೆ ಸಾಕು. ಡೊಂಬಿವಲಿಯಿಂದಲೋ ವಿರಾರಿನಿಂದಲೋ ಪರೇಲಿಗೆ ಬರುವುದೇನು ಸಣ್ಣ ಪ್ರಯಾಣವೇ? ಲೋಕಲ್ ಗಾಡಿಯಲ್ಲಿ ಅಂಗವಿಕಲರಿಗೆ ಮೀಸಲಾದ ಡಬ್ಬಿಯಲ್ಲಿ ಕ್ಯಾನ್ಸರ್ ರೋಗಿಗಳೂ ಕೂರಬಹುದು. ಎದೆಯ ಹೊಲಿಗೆಯ ಮೇಲೆ ಇನ್ನೊಬ್ಬರ ಮೊಣಕೈ ತಾಗಿಸಿಕೊಂಡು ಹೆಂಗಸರ ಡಬ್ಬಿಯ ಬಾಗಿಲಲ್ಲಿ ನೇತಾಡುವ ಅವಶ್ಯಕತೆ ಇಲ್ಲ. ಆದರೆ ಆ ಡಬ್ಬಿ ಹತ್ತಿದರೆ ರೋಗ ನಾಲ್ಕು ಜನರಿಗೆ ಗೊತ್ತಾಗುತ್ತದೆ ಎಂಬ ಸಂಕೋಚ! ಮಗಳ ಮದುವೆಗೆ ತೊಂದರೆಯಾದೀತೆಂಬ ಹೆದರಿಕೆ! ಊರಿಗೆ ಸಾಗಿಸುವುದರ ಹಿಂದೆಯೂ ಎಷ್ಟೋ ಸಲ ಇರುವುದು ಈ ಹೆದರಿಕೆಯೇ, ಆರಾಮವಲ್ಲ. ಹೆಂಡತಿಯ ಎದೆಯ ಗಂಟನ್ನು ಮನೆಯ ಮಾನದ ಗಂಟಾಗಿ ಮಾಡಿಕೊಂಡವರಿಗೆ ನಾನೇನು ಹೇಳಲಿ?

ಇನ್ನು ದೈವದ ಕಾರ್ಯ ತಪ್ಪಿಸಬಾರದು ಎನ್ನುವವರಿಗೆ ಒಂದು ಮಾತು. ನಾನೂ ದೈವ ನಂಬುವ ಮನೆಯವಳೇ. ಮೈಲಿಗೆಯಾದ ಮನೆಯ ಕಾರ್ಯವನ್ನೇ ಮುಂದಕ್ಕೆ ಹಾಕುವ ಪದ್ಧತಿ ನಮ್ಮಲ್ಲಿದೆ. ಸತ್ತವರಿಗಾಗಿ ಮುಂದಕ್ಕೆ ಹೋಗುವ ಕಾರ್ಯ ಬದುಕುವವರಿಗಾಗಿ ಯಾಕೆ ಹೋಗಬಾರದು? ಒಂದು ಹಣ್ಣುಕಾಯಿ ತೆಗೆದಿಟ್ಟು ಕೈಮುಗಿದರೆ ಒಪ್ಪದಷ್ಟು ಕಠಿಣವಾದ ದೈವವನ್ನು ನಾನು ಕಂಡಿಲ್ಲ. ಒಪ್ಪದವರು ನೆಂಟರು.

“ಇಲ್ಲಿ ನೋಡಿಕೊಳ್ಳುವವರು ಯಾರು?” ಎಂಬ ಪ್ರಶ್ನೆ ಮಾತ್ರ ನ್ಯಾಯವಾದದ್ದು. ಅದಕ್ಕೆ ನನ್ನ ಉತ್ತರ ಇಷ್ಟೇ: ರೋಗಿಯನ್ನು ಊರಿಗೆ ಒಯ್ಯುವ ಬದಲು ಊರನ್ನು ರೋಗಿಯ ಬಳಿಗೆ ಕರೆತನ್ನಿ. ತಾಯಿಯೋ ತಂಗಿಯೋ ಚಿಕ್ಕಮ್ಮನೋ ಎರಡು ತಿಂಗಳು ಇಲ್ಲಿಗೆ ಬರಲಿ. ಬಾಣಂತನಕ್ಕೆ ಬರುವವರು ಇದಕ್ಕೆ ಬರಲಾರರೇ? ಅದೂ ಆಗದಿದ್ದರೆ, ಊರಿನ ಬದಿಯಲ್ಲೇ ಚಿಕಿತ್ಸೆ ಮಾಡಿಸುವುದಾದರೆ, ಅದನ್ನು ಮೊದಲ ದಿನವೇ ನಿಶ್ಚಯಿಸಿ. ಬೆಂಗಳೂರಿನಲ್ಲಿ ೧೯೭೩ರಿಂದ ಕಿದ್ವಾಯಿ ಸಂಸ್ಥೆ ಇದೆ, ಹುಬ್ಬಳ್ಳಿಯಲ್ಲಿ ಕ್ಯಾನ್ಸರ್ ಚಿಕಿತ್ಸಾ ಸಂಸ್ಥೆ ಇದೆ, ಮಣಿಪಾಲ ಮಂಗಳೂರುಗಳಲ್ಲಿ ದೊಡ್ಡ ಆಸ್ಪತ್ರೆಗಳಿವೆ. ೨೦೧೨ರಲ್ಲಿ ಆರಂಭವಾದ ನ್ಯಾಷನಲ್ ಕ್ಯಾನ್ಸರ್ ಗ್ರಿಡ್ ಇರುವುದೇ ದೇಶದ ಆಸ್ಪತ್ರೆಗಳಲ್ಲಿ ಒಂದೇ ಬಗೆಯ ಚಿಕಿತ್ಸಾಕ್ರಮ ಸಿಗಲಿ ಎಂದು. ಮಾಡಬಾರದ್ದು, ಅರ್ಧ ಇಲ್ಲಿ, ಅರ್ಧ ಅಲ್ಲಿ, ನಡುವೆ ಎರಡು ತಿಂಗಳು ಎಲ್ಲಿಯೂ ಇಲ್ಲ ಎಂಬ ತ್ರಿಶಂಕು ಸ್ಥಿತಿ.

ಪರೇಲಿನ ಟಾಟಾ ಆಸ್ಪತ್ರೆ ಹುಟ್ಟಿದ ಹಿನ್ನೆಲೆಯನ್ನು ಇಲ್ಲಿ ನೆನೆಯಬೇಕು. ದೊರಾಬ್ಜಿ ಟಾಟಾ ಅವರ ಪತ್ನಿ ಮೆಹರ್‌ಬಾಯಿಯವರ ತಂದೆ ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ ಮುಖ್ಯಾಧಿಕಾರಿಯಾಗಿದ್ದವರು. ಆಕೆ ಬೆಳೆದದ್ದು ನಮ್ಮ ನಾಡಿನಲ್ಲೇ. ರಕ್ತದ ಕ್ಯಾನ್ಸರಿನಿಂದ ೧೯೩೧ರಲ್ಲಿ ಆಕೆ ಕಣ್ಮುಚ್ಚಿದ್ದು ದೂರದ ವೇಲ್ಸಿನ ಶುಶ್ರೂಷಾಲಯದಲ್ಲಿ. ಮರುವರ್ಷ ದೊರಾಬ್ಜಿಯವರೂ ಪರದೇಶದಲ್ಲೇ ತೀರಿಕೊಂಡರು. ಅವರ ಹೆಸರಿನ ಟ್ರಸ್ಟು ೧೯೪೧ರ ಫೆಬ್ರವರಿ ೨೮ರಂದು ಪರೇಲಿನಲ್ಲಿ ಈ ಆಸ್ಪತ್ರೆಯನ್ನು ತೆರೆಯಿತು. ಇಂದು ದೇಶದ ಮೂಲೆಮೂಲೆಯಿಂದ ಬಡವರು ಎರಡು ಮೂರು ದಿನ ಪ್ರಯಾಣ ಮಾಡಿ ಅಲ್ಲಿಗೆ ಬರುತ್ತಾರೆ, ಜಾಗ ಸಿಗದೆ ಕಾಲುಹಾದಿಯಲ್ಲೇ ಮಲಗುತ್ತಾರೆ. ಅದೇ ಆಸ್ಪತ್ರೆಗೆ ಲೋಕಲಿನ ಪಾಸಿನಲ್ಲಿ ಹೋಗಿಬರಬಹುದಾದ ನಾವು, ಊರಿನ ಟಿಕೆಟು ಹಿಡಿದು ಅದಕ್ಕೆ ಬೆನ್ನು ತಿರುಗಿಸಿ ಹೋಗುತ್ತೇವೆ!

ಕೊನೆಗೆ ನಮ್ಮ ಸಂಘ ಸಂಸ್ಥೆಗಳಿಗೆ, ಈ ಪತ್ರಿಕೆಯ ಸಂಘವನ್ನೂ ಸೇರಿಸಿಯೇ, ನನ್ನ ಅರಿಕೆ. ಶಾಲು ಹೊದಿಸಿದ್ದು ಸಾಕಷ್ಟಾಯಿತು. ದಾದರಿನಲ್ಲಿ ಸಂತ ಗಾಡಗೆ ಮಹಾರಾಜರ ಹೆಸರಿನ ಧರ್ಮಶಾಲೆ, ಪರೇಲಿನಲ್ಲಿ ನಾನಾ ಪಾಲ್ಕರ್ ಸ್ಮೃತಿ ಸಮಿತಿ ಹೊರಗಿನಿಂದ ಬಂದ ರೋಗಿಗಳಿಗೆ ಆಸರೆ ಕೊಡುತ್ತಿವೆ. ನಮ್ಮವರೂ ಅಲ್ಲಿಯೇ ಸಾಲು ನಿಲ್ಲುತ್ತಾರೆ. ನಾವೆಲ್ಲ ಸೇರಿ ಪರೇಲಿನ ಆಸುಪಾಸಿನಲ್ಲಿ ಎರಡು ಕೋಣೆ ಹಿಡಿಯಲಾರೆವೇ? ಆಪರೇಶನ್ ಆದ ಹೆಂಗಸು ಹದಿನೈದು ದಿನ, ತಾಯಿಯೊಂದಿಗೆ, ನೀರಿನ ಚಿಂತೆಯಿಲ್ಲದೆ ಮಲಗಲು ಎರಡು ಕೋಣೆ. ಅದಿದ್ದರೆ ಒಂಬತ್ತನೆಯ ದಿನ ಯಾರೂ ಬಸ್ಸು ಹತ್ತಬೇಕಾಗಿಲ್ಲ. ರಿಯಾಯಿತಿಯ ನಮೂನೆ ತುಂಬಿಸಲು, ಟಿಕೆಟಿನ ತಾರೀಕು ಬದಲಿಸಲು, ಡಾಕ್ಟರು ಹೇಳಿದ್ದನ್ನು ಕನ್ನಡದಲ್ಲೋ ತುಳುವಿನಲ್ಲೋ ತಿಳಿಸಿ ಹೇಳಲು ನಾಲ್ಕು ಮಂದಿ ನಿವೃತ್ತರ ಹೆಸರು, ಅವರ ಒಪ್ಪಿಗೆಯಿಂದ, ಪ್ರತಿ ತಿಂಗಳೂ ಇದೇ ಪುಟದಲ್ಲಿ ಬರಲಿ.

ಮಹಿಳಾ ವಿಭಾಗದವರಿಗೂ ಒಂದು ಮಾತು. ಟಾಟಾ ಆಸ್ಪತ್ರೆಯವರು ೧೯೯೮ರಲ್ಲಿ ಇದೇ ಮುಂಬಯಿಯ ೧,೫೧,೫೩೮ ಹೆಂಗಸರನ್ನು ಸೇರಿಸಿಕೊಂಡು ಒಂದು ಅಧ್ಯಯನ ಆರಂಭಿಸಿದರು. ಅವರಲ್ಲಿ ಅರ್ಧದಷ್ಟು ಮಂದಿಗೆ, ತರಬೇತಿ ಪಡೆದ ಸಾಮಾನ್ಯ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಎದೆ ಪರೀಕ್ಷೆ ಮಾಡಿದರು. ದೊಡ್ಡ ಯಂತ್ರ ಯಾವುದೂ ಇಲ್ಲ. ೨೦೨೧ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಐವತ್ತು ದಾಟಿದವರಲ್ಲಿ ಈ ರೋಗದಿಂದಾಗುವ ಸಾವು ಸುಮಾರು ಶೇಕಡಾ ೩೦ರಷ್ಟು ಇಳಿದಿತ್ತು. ಮಾರ್ಚ್ ೮ರ ರಂಗೋಲಿ ಸ್ಪರ್ಧೆಯ ಜೊತೆಗೆ, ಪರದೆ ಕಟ್ಟಿದ ಒಂದು ಕೋಣೆ, ಇಬ್ಬರು ತರಬೇತಾದ ದಾದಿಯರು ಇರುವಂತೆ ಮಾಡಿ. ಸಭಾಗೃಹ ನಮ್ಮದೇ, ಬಾಡಿಗೆಯೂ ಇಲ್ಲ.

ಗಂಡಸರಿಗೆ, ನನ್ನ ಅಣ್ಣನಿಗೆ ಹೇಳಿದ್ದನ್ನೇ ಹೇಳುತ್ತೇನೆ. ಟಿಕೆಟು ರದ್ದು ಮಾಡಿದರೆ ಹೋಗುವುದು ಕೆಲವು ನೂರು ರೂಪಾಯಿ. ಮದುವೆಗೆ ಹೋಗದಿದ್ದರೆ ಬರುವುದು ನಾಲ್ಕು ದಿನದ ಮುನಿಸು. ಇವೆರಡನ್ನೂ ತಾಳಿಕೊಳ್ಳಿ. ಅಕ್ಕತಂಗಿಯರಿಗೆ ಹೇಳುವುದು ಇನ್ನೂ ಚಿಕ್ಕದು: ನಿಮ್ಮ ಎದೆಯ ವಿಷಯದಲ್ಲಿ ತಾರೀಕು ಇಡುವವರು ನೀವೇ ಆಗಿರಿ. “ನನ್ನಿಂದಾಗಿ ಎಲ್ಲರದ್ದೂ ಹಾಳಾಗುವುದು ಬೇಡ” ಎಂದು ದಯವಿಟ್ಟು ಹೇಳಬೇಡಿ. ನನ್ನ ಅತ್ತಿಗೆ ಹಾಗೆ ಹೇಳಿದಾಗ ನಾನು ಬಾಯಿ ತೆರೆಯಬೇಕಿತ್ತು. ತೆರೆಯಲಿಲ್ಲ. ಅದಕ್ಕೇ ಈಗ ಇಷ್ಟು ಬರೆದೆ.